ಕಲ್ಲಾರಿಸುವುದು

ಜಕ್ಕೂರು. ಬೆಳಗಿನ ಐದೂಮುಕ್ಕಾಲು.
ರನ್‌ವೇಗೆ ಅಡ್ಡಲಾಗಿ ನಾವು ಹನ್ನೆರಡು ಮಂದಿ
ಕೈ ಚಾಚಿದರೆ ಪಕ್ಕದವನ ಬೆರಳು ಸಿಗುವಷ್ಟು ದೂರ ನಿಂತು,
ತಲೆ ಬಗ್ಗಿಸಿ ನಡೆಯುತ್ತೇವೆ,
ಮೊರದ ಅಕ್ಕಿಯಲ್ಲಿ ಕಲ್ಲಾರಿಸುವವರ ಹಾಗೆ.

ವರ್ಷಕ್ಕೊಂದು ತಿಂಗಳ ಸಿಪಾಯಿಗಳು.
ಮಿಕ್ಕ ದಿನ ಇವನು ಯಶವಂತಪುರದಲ್ಲಿ ಈರುಳ್ಳಿ ತೂಗುತ್ತಾನೆ,
ಅವನು ವಿಮೆ ಮಾಡಿಸಿ ಅಂತ ಮನೆಮನೆ ಬಾಗಿಲು ಬಡಿಯುತ್ತಾನೆ,
ನಾನು ಸಜ್ಜನ್‌ರಾವ್ ಸರ್ಕಲ್ಲಿನ ಅಂಗಡಿಯಲ್ಲಿ
ಗೋಡೆಗೆ ಹೊಡೆಯುವ ಬಣ್ಣ ಬೆರೆಸುತ್ತೇನೆ.

ಈ ದಿನ ಸಿಕ್ಕಿದ್ದು:
ಒಂದು ಬೋಲ್ಟು, ಸೋಡಾ ಮುಚ್ಚಳ,
ಗೇಣುದ್ದ ಮಾಂಜಾ, ಅದಕ್ಕಂಟಿದ ಹದ್ದಿನ ಪುಕ್ಕ.
ಕಾಂಪೌಂಡಿನ ಹತ್ತಿರ
ಹೆಬ್ಬೆರಳುಗುರಿನಷ್ಟು ಜಿಪ್ ಕವರು, ಖಾಲಿ.
'ಇದರಿಂದ ಇಂಜಿನ್ನಿಗೆ ಏನೂ ಆಗಲ್ಲ' ಅಂದ ಈರುಳ್ಳಿಯವನು.
'ಆದ್ರೂ ಎತ್ಕೊಳ್ಳಿ' ಅಂದರು
ಅಬಕಾರಿಯ ನಫೀಸಾ ಮೇಡಂ,
ಚಿಮಟ ಹುಡುಕುತ್ತಾ.

ಎಂಟಕ್ಕೆ ಹಿಂದಿನ ಸೀಟಿಗೆ ನನ್ನನ್ನು ಬಿಗಿದರು.
ಮುಂದೆ ಚೆಂಗಪ್ಪನವರು, ನಲವತ್ತು ವರ್ಷ ಹಾರಿಸಿದವರು,
ಮಗ್ಗಿ ಒಪ್ಪಿಸುವ ಹುಡುಗನಂತೆ
ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು:
ಇಂಧನ ಇದೆ. ಬಾಗಿಲು ಹಾಕಿದೆ. ಬೆಲ್ಟು ಬಿಗಿದಿದೆ.
'ಬಾಯಿಪಾಠ ಇಲ್ವಾ ಸಾರ್?'
'ಇದೆ ಮಾರಾಯ. ಅದೇ ಭಯ.'

ಊರು ಕೆಳಗಿಳಿಯಿತು.
ಟೆರೇಸಿನ ಸಿಂಟೆಕ್ಸುಗಳು, ಒಣಗುವ ಸೀರೆಗಳು,
ನೊರೆ ಕಟ್ಟಿದ ಕೆರೆ,
ಆಮೇಲೆ ದ್ರಾಕ್ಷಿ ಚಪ್ಪರ, ಕೆಂಪು ಮಣ್ಣು, ಹೊಲ.
ನನ್ನನ್ನು ಕರೆತಂದದ್ದೇ ಇದಕ್ಕೆ:
ಮುಸುಕಿನ ಜೋಳಕ್ಕೆ ಒಂದು ಹನಿ ಹಳದಿ ಹೆಚ್ಚು,
ಹಿಪ್ಪುನೇರಳೆಗೆ ಒಂದು ಹನಿ ಕಪ್ಪು.
ಜೋಳದ ನಡುವೆ, ನಾಲ್ಕೂ ಕಡೆ ಮರೆಮಾಡಿ,
ಅರ್ಧ ಗುಂಟೆ, ನೀಲಿ ಬಿದ್ದ ಹಸಿರು.
ಯಾವ ಶೇಡ್ ಕಾರ್ಡಿನಲ್ಲೂ ಇಲ್ಲದ್ದು.
'ಅಲ್ಲಿ' ಅಂದೆ.
ರೆಕ್ಕೆ ವಾಲಿತು. ನಕ್ಷೆಯ ಮೇಲೆ ಪೆನ್ಸಿಲಿನ ಸೊನ್ನೆ.

ಸಂಜೆಗೆ ಸುದ್ದಿ: ಇನ್ನೂರಾ ಆರು ಗಿಡ.
ಭುಜ ತಟ್ಟಿದರು, ಹದ್ದಿನ ಕಣ್ಣು ಅಂದರು.
ಪುಕ್ಕ ನೆನಪಾಯಿತು.
ಫೋನಿನಲ್ಲಿ ನನ್ನವಳು ಕೇಳಿದಳು:
'ಯಾರ ಹೊಲ ಅದು?'
ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ರಾತ್ರಿ ಹ್ಯಾಂಗರಿನಲ್ಲಿ ಪಾಠ.
ಮೇಡಂ ಮೇಜಿನ ಮೇಲೆ ಒಂದೊಂದೇ ಇಟ್ಟರು,
ಸೊಪ್ಪು, ಪುಡಿ, ಬಣ್ಣದ ಮಾತ್ರೆ.
ಕೊನೆಗೆ ಚೀಲದ ತಳದಿಂದ
ಒಂದು ಚಪ್ಪಟೆ ಬಾಟಲು, ಒಂದು ಮಾಸಿದ ಬಟ್ಟೆ.
'ಇದಕ್ಕೆ ವಿಮಾನ ಬೇಡ, ನಾಯಿ ಬೇಡ.
ನಮ್ಮ ಕಾಯ್ದೆಯ ಪಟ್ಟಿಯಲ್ಲೂ ಇಲ್ಲ.
ಬಣ್ಣದಂಗಡೀಲಿ ಸಿಗುತ್ತೆ.'

ಯಾರೂ ನನ್ನ ಕಡೆ ತಿರುಗಲಿಲ್ಲ.
ಕೆಂಪು ಮುಚ್ಚಳ. ನೂರು ಮಿಲಿ ಥಿನ್ನರು.
ಬಾಗಿಲು ಹಾಕುವ ಹೊತ್ತಿಗೆ ಬರುವ ಹುಡುಗ,
'ಅಣ್ಣಾ, ಚಿಕ್ಕದು'
ಅನ್ನುತ್ತಾನೆ, ತೋಳಿನಲ್ಲೇ ಮೂಗು ಮುಚ್ಚಿ.
ನೆಗಡಿ ಅಂದುಕೊಂಡಿದ್ದೆ.
ಎರಡು ವರ್ಷದ ನೆಗಡಿ.
ಕೌಂಟರಿನ ಅಗಲ ಎರಡಡಿ.

ಸೋಮವಾರ ಸಮವಸ್ತ್ರ ಟ್ರಂಕಿಗೆ ಹೋಯಿತು.
ಏಳೂವರೆಗೆ ಅವನು ಬಂದ, ಒದ್ದೆ ನೋಟು ಹಿಡಿದು.
ಬಾಯಿಪಾಠದ ಕೈ ಆಗಲೇ ಶೆಲ್ಫಿನ ಮೇಲಿತ್ತು.
ಕೆಳಗಿಳಿಸಿದೆ.
'ಏನಕ್ಕೆ ಬಣ್ಣ ಹೊಡೀತಿದ್ದೀಯೋ?'
ಸೇಠು ಕ್ಯಾಲ್ಕ್ಯುಲೇಟರಿನಿಂದ ತಲೆಯೆತ್ತಿದ.
ಹುಡುಗ ಗೋಡೆಯ ಶೇಡ್ ಕಾರ್ಡನ್ನು
ಬಹಳ ಹೊತ್ತು ನೋಡಿದ,
ಮೊದಲ ಸಲ ನೋಡುವವನಂತೆ.
ಆಮೇಲೆ ಒಂದು ಹಸಿರಿನ ಮೇಲೆ ಬೆರಳಿಟ್ಟ.
'ಬಾಗಿಲಿಗೆ' ಅಂದ.

ಯಾವ ಬಾಗಿಲು ಅಂತ ಕೇಳಲಿಲ್ಲ.
ಸ್ಟೂಲು ಎಳೆದು ಹಾಕಿದೆ.
'ಕೂತ್ಕೋ. ಬೆರೆಸೋಕೆ ಹೊತ್ತು ಹಿಡಿಯುತ್ತೆ.'